ಜರತುಷ್ಟ್ರ ಧರ್ಮ ಮತ್ತು ಬೇರೆ ಧರ್ಮಗಳ ಮೇಲೆ ಅದರ ಪ್ರಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಧರ್ಮದ ಮಾತು ಬಂದರೆ ಚರ್ಚೆ ಬೇಗನೆ ಎರಡು ತುದಿಗೆ ಹೋಗಿ ನಿಲ್ಲುತ್ತದೆ. ಸ್ವರ್ಗ, ನರಕ, ಸೈತಾನ, ದೇವದೂತರು, ಅಂತಿಮ ತೀರ್ಪು ಎಲ್ಲವೂ ಇರಾನಿನಿಂದಲೇ ಬಂದವು ಎನ್ನುವವರು ಒಂದು ಕಡೆ. ಅದೆಲ್ಲ ಬರೀ ಊಹೆ ಎನ್ನುವವರು ಇನ್ನೊಂದು ಕಡೆ. ಒಂದೊಂದು ಹೇಳಿಕೆಯನ್ನೂ ಬೇರೆಯಾಗಿಟ್ಟು ತೂಗಿದರೆ ಕೆಲವು ಗಟ್ಟಿಯಾಗಿ ನಿಲ್ಲುತ್ತವೆ, ಕೆಲವು ಅರ್ಧ ನಿಲ್ಲುತ್ತವೆ, ಕೆಲವು ಮುಟ್ಟಿದರೆ ಬೀಳುತ್ತವೆ. ಕೆಳಗಿನ ಉತ್ತರಗಳನ್ನು ಹಾಗೆ ತೂಗಿಯೇ ಬರೆದಿದ್ದೇವೆ.

## ಮೊದಲ ಪರಿಚಯ

ಜರತುಷ್ಟ್ರ ಅಂದರೆ ಯಾರು? ಯಾವ ಕಾಲದವರು?

ಪೂರ್ವ ಇರಾನಿ ಸೀಮೆಯ ಪುರೋಹಿತ, ಕವಿ. ಮನೆತನ ಸ್ಪಿತಮ, ತಂದೆ ಪೌರುಷಸ್ಪ, ತಾಯಿ ದುಗ್ಧೋವಾ. ಆಶ್ರಯ ಕೊಟ್ಟ ಅರಸನ ಹೆಸರು ವಿಷ್ತಾಸ್ಪ. ಗಾಥೆಗಳೆಂಬ ತಮ್ಮ ಸೂಕ್ತಗಳಲ್ಲಿ ಅವರು ತಮ್ಮನ್ನು 'ಜಓತರ್' ಎಂದು ಕರೆದುಕೊಳ್ಳುತ್ತಾರೆ. ಋಗ್ವೇದದ ಹೋತೃ ಮಾಡುತ್ತಿದ್ದುದೂ ಇದೇ ಕೆಲಸ.

ಕಾಲದ ಬಗ್ಗೆ ಎರಡು ಲೆಕ್ಕಗಳಿವೆ. ಪಹ್ಲವಿ, ಅಂದರೆ ಮಧ್ಯಕಾಲದ ಪರ್ಶಿಯನ್ ಭಾಷೆಯ ಪರಂಪರೆ 'ಅಲೆಕ್ಸಾಂಡರನಿಗಿಂತ 258 ವರ್ಷ ಮೊದಲು' ಎನ್ನುತ್ತದೆ. ಆ ಪ್ರಕಾರ ಅವರು ಕ್ರಿ.ಪೂ. 6ನೇ ಶತಮಾನದವರು. ಗಾಥೆಗಳ ಭಾಷೆಯನ್ನು ನೋಡಿದವರು ಇದನ್ನು ಒಪ್ಪುವುದು ಕಷ್ಟ. ಆ ಭಾಷೆ ಋಗ್ವೇದದ ಭಾಷೆಗೆ ತೀರಾ ಹತ್ತಿರದ್ದು. ಕೆಲವು ಧ್ವನಿ ನಿಯಮಗಳನ್ನು ಅನ್ವಯಿಸಿದರೆ ಎಷ್ಟೋ ಸಾಲುಗಳನ್ನು ವೈದಿಕ ಸಂಸ್ಕೃತದಲ್ಲಿ ಬರೆದುಕೊಳ್ಳಬಹುದು. ಹಾಗಾಗಿ ಬಹಳಷ್ಟು ಭಾಷಾಶಾಸ್ತ್ರಜ್ಞರು ಅವರನ್ನು ಕ್ರಿ.ಪೂ. 1500ರಿಂದ 1000ದ ನಡುವೆ ಇಡುತ್ತಾರೆ. ಈ ಎರಡನೆಯ ಲೆಕ್ಕವೇ ನಮಗೆ ಹೆಚ್ಚು ಬಲವಾದದ್ದೆಂದು ಕಾಣುತ್ತದೆ.

ಪಾರ್ಸಿ, ಇರಾನಿ, ಜೊರಾಸ್ಟ್ರಿಯನ್ ಮೂರೂ ಒಂದೇನಾ?

ಜೊರಾಸ್ಟ್ರಿಯನ್ ಎನ್ನುವುದು ಧರ್ಮದ ಹೆಸರು. ಅನುಯಾಯಿಗಳು ಇದನ್ನು 'ಮಜ್ದಯಸ್ನಿ' ಧರ್ಮ ಎಂದೂ ಕರೆಯುತ್ತಾರೆ. ಪಾರ್ಸಿಗಳು ಅರಬರ ಆಕ್ರಮಣದ ನಂತರದ ಶತಮಾನಗಳಲ್ಲಿ ಇರಾನಿನಿಂದ ಗುಜರಾತಿನ ಕರಾವಳಿಗೆ ಬಂದವರ ಸಂತತಿ. ಬಹಳ ತಡವಾಗಿ, ಮುಖ್ಯವಾಗಿ 19ನೇ ಶತಮಾನದ ನಂತರ, ಇರಾನಿನ ಯಜ್ದ್ ಮತ್ತು ಕೆರ್ಮಾನ್ ಕಡೆಯಿಂದ ಬಂದವರು ಇರಾನಿಗಳು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಹಲವು ಇವರವೇ. ಭಾರತದಲ್ಲಿ 2001ರ ಜನಗಣತಿ 69,601 ಪಾರ್ಸಿಗಳನ್ನು ಎಣಿಸಿತು, 2011ರದು 57,264 ಜನರನ್ನು. ಕನ್ನಡಿಗರಿಗೆ ಹತ್ತಿರದ ಹೆಸರೆಂದರೆ ಜಮ್ಶೆಟ್‌ಜಿ ಟಾಟಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕನಸು ಕಂಡ ಅವರು ನವಸಾರಿಯ ಪಾರ್ಸಿ ಪುರೋಹಿತ ಮನೆತನದವರು.

ಬೆಂಕಿಯನ್ನೇ ದೇವರು ಅಂತ ಪೂಜಿಸ್ತಾರಾ?

ಇಲ್ಲ. ದೇವರು ಅಹುರ ಮಜ್ದ. ಬೆಂಕಿ ಆತನ ಸಾನ್ನಿಧ್ಯದ ಗುರುತು, ಪ್ರಾರ್ಥನೆಗೆ ನಿಲ್ಲುವ ದಿಕ್ಕು. ಮನೆಯಲ್ಲಿ ಪ್ರಾರ್ಥಿಸುವವರು ದೀಪದ ಎದುರೋ ಸೂರ್ಯನ ಎದುರೋ ನಿಲ್ಲುತ್ತಾರೆ. ಹಾಗೆಂದು ಬೆಂಕಿ ಬರೀ ಸಂಕೇತ ಎಂದರೂ ತಪ್ಪಾಗುತ್ತದೆ. ಪ್ರತಿಷ್ಠೆಗೊಂಡ ಬೆಂಕಿಯನ್ನು ಇವರು ಸಜೀವ ಎಂದೇ ಕಾಣುತ್ತಾರೆ. ಅದಕ್ಕೆ ಹೊತ್ತು ಹೊತ್ತಿಗೆ ಆಹಾರ ಕೊಡುತ್ತಾರೆ, ಉಸಿರು ತಾಗದಂತೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೇವೆ ಮಾಡುತ್ತಾರೆ. ಬೇರೆ ಧರ್ಮದವರಿಂದ 'ಅಗ್ನಿಪೂಜಕರು' ಎಂದು ಬೈಸಿಕೊಂಡ ಸಮುದಾಯ ಇದು. ಆ ಪದವನ್ನು ಬಳಸದಿರುವುದೇ ಒಳ್ಳೆಯದು.

ಇವರಿಗೆ ಒಬ್ಬನೇ ದೇವರಾ, ಒಳ್ಳೆಯವನು ಕೆಟ್ಟವನು ಅಂತ ಇಬ್ಬರಾ?

ಪೂಜೆ ಒಬ್ಬನಿಗೇ, ಅಹುರ ಮಜ್ದನಿಗೆ. ಆದರೆ ಕೆಡುಕು ಆತನಿಂದ ಹುಟ್ಟಿದ್ದಲ್ಲ. ಯಸ್ನದ 30ನೇ ಅಧ್ಯಾಯದಲ್ಲಿ ಎರಡು ಅವಳಿ ಶಕ್ತಿಗಳು ಬರುತ್ತವೆ. ಒಂದು ಒಳಿತನ್ನೂ ಇನ್ನೊಂದು ಕೆಡುಕನ್ನೂ ಆರಿಸಿಕೊಳ್ಳುತ್ತದೆ. ಕೆಡುಕಿನ ಶಕ್ತಿಗೆ ಅಂಗ್ರ ಮೈನ್ಯು ಎಂದು ಹೆಸರು. ನಂತರದ ಪಹ್ಲವಿಯಲ್ಲಿ ಅದೇ ಅಹ್ರಿಮಾನ್. ಪಹ್ಲವಿ ಗ್ರಂಥಗಳ ಕಾಲಕ್ಕೆ ನೇರ ಎದುರಾಳಿಗಳು ಅಹುರ ಮಜ್ದ ಮತ್ತು ಅಹ್ರಿಮಾನ್ ಎಂದಾಯಿತು. ಆಗಲೂ ಇಬ್ಬರೂ ಸಮಾನರಲ್ಲ. ಅಹ್ರಿಮಾನನಿಗೆ ಮುಂದಿನದನ್ನು ಕಾಣುವ ಅರಿವಿಲ್ಲ, ಅವನ ಸೋಲು ಖಚಿತ.

ಒಳ್ಳೆಯ ದೇವರೇ ಎಲ್ಲವನ್ನೂ ಮಾಡಿದ್ದರೆ ಕೆಡುಕು ಎಲ್ಲಿಂದ ಬಂತು ಎನ್ನುವ ಪ್ರಶ್ನೆಗೆ ಈ ಧರ್ಮ ಕೊಟ್ಟ ಉತ್ತರದಷ್ಟು ನೇರವಾದದ್ದು ಬೇರೆ ಕಡೆ ಸಿಗುವುದು ಅಪರೂಪ. ದೇವರು ಕೆಡುಕನ್ನು ಮಾಡಲೇ ಇಲ್ಲ, ಮನುಷ್ಯ ಅದರ ವಿರುದ್ಧ ಆತನ ಜೊತೆಗಾರ. ಆ ಹೋರಾಟದ ಆಯುಧಗಳು ಹುಮತ, ಹೂಖ್ತ, ಹ್ವರ್ಷ್ತ. ಅಂದರೆ ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕೆಲಸ. ತ್ರಿಕರಣ ಶುದ್ಧಿ ಎನ್ನುವ ನಮ್ಮ ಮಾತು ಬಲ್ಲವರಿಗೆ ಇದು ಹೊಸದೆನಿಸದು.

ಧರ್ಮಗ್ರಂಥ ಯಾವುದು? ಓದೋಕೆ ಎಲ್ಲಿಂದ ಶುರು ಮಾಡಬೇಕು?

ಅವೆಸ್ತಾ. ಅದರ ಮುಖ್ಯ ಭಾಗಗಳು 72 ಅಧ್ಯಾಯಗಳ ಯಸ್ನ, ದೇವತಾಸ್ತುತಿಗಳಾದ 21 ಯಷ್ಟ್‌ಗಳು, 22 ಅಧ್ಯಾಯಗಳ ವೆಂದಿದಾದ್, ವಿಸ್ಪೆರದ್ ಮತ್ತು ದಿನನಿತ್ಯದ ಪ್ರಾರ್ಥನೆಗಳ ಖೊರ್ದೆ ಅವೆಸ್ತಾ. ಯಸ್ನದ ನಡುವೆ 17 ಸೂಕ್ತಗಳ ಗಾಥೆಗಳಿವೆ: 28ರಿಂದ 34, 43ರಿಂದ 51, ಮತ್ತು 53ನೇ ಅಧ್ಯಾಯಗಳು. ಜರತುಷ್ಟ್ರರ ಸ್ವಂತ ಮಾತು ಎಂದು ಹೆಚ್ಚಿನವರು ಒಪ್ಪುವುದು ಇವನ್ನೇ.

ಮೊದಲು ಓದುವವರು ನೇರವಾಗಿ ಗಾಥೆಗಳಿಗೆ ಕೈ ಹಾಕಿದರೆ ಸೋಲುತ್ತಾರೆ. ಅವು ಅಡಕವಾಗಿವೆ, ಒಂದೇ ಸಾಲಿಗೆ ಅನುವಾದಕರು ಮೂರು ಬಗೆಯ ಅರ್ಥ ಕೊಟ್ಟಿರುತ್ತಾರೆ. ಮೊದಲು 10ನೇ ಯಷ್ಟ್ ಅಂದರೆ ಮಿಥ್ರ ದೇವತೆಯ ಮಿಹ್ರ್ ಯಷ್ಟ್, ಆಮೇಲೆ ಯಸ್ನದ 9ನೇ ಅಧ್ಯಾಯದ ಹಓಮ (ನಮ್ಮ ಸೋಮ) ಸ್ತುತಿ, ನಂತರ ಗಾಥೆಗಳಲ್ಲಿ 30 ಮತ್ತು 44ನೇ ಅಧ್ಯಾಯ, ಈ ಕ್ರಮ ಒಳ್ಳೆಯದು. 44ರಲ್ಲಿ ಕವಿ 'ಸೂರ್ಯನಿಗೆ, ನಕ್ಷತ್ರಗಳಿಗೆ ದಾರಿ ಹಾಕಿದವರಾರು?' ಎಂದು ದೇವರನ್ನೇ ಒಂದೊಂದಾಗಿ ಕೇಳುತ್ತಾ ಹೋಗುತ್ತಾರೆ. ಗಾಥೆಗಳ ಎರಡು ಅನುವಾದಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

## ಆಚರಣೆ ಮತ್ತು ಬದುಕು

ಕುಸ್ತಿ ಅನ್ನೋದು ನಮ್ಮ ಜನಿವಾರದ ಹಾಗೇನಾ?

ಕುಸ್ತಿ ಎಂದರೆ ಇವರು ಮೈಮೇಲೆ ಧರಿಸುವ ಪವಿತ್ರ ದಾರ. ಮೂಲ ಒಂದೇ ಇರಬಹುದು, ಕಟ್ಟುವ ರೀತಿ ಬೇರೆ. ಕುಸ್ತಿಯನ್ನು ಹೆಗಲಿಗೆ ಹಾಕುವುದಿಲ್ಲ, ಸೊಂಟಕ್ಕೆ ಮೂರು ಸುತ್ತು ಸುತ್ತಿ ಮುಂದೆ ಮತ್ತು ಹಿಂದೆ ಗಂಟು ಹಾಕುತ್ತಾರೆ. ಹಾಗೆ ನೋಡಿದರೆ ಇದು ಜನಿವಾರಕ್ಕಿಂತ ಉಪನಯನದಲ್ಲಿ ವಟುವಿನ ಸೊಂಟಕ್ಕೆ ಕಟ್ಟುವ ಮೌಂಜಿಗೆ ಹತ್ತಿರ. ಕುರಿಯ ಉಣ್ಣೆಯ 72 ಎಳೆಗಳಿಂದ ಇದನ್ನು ನೇಯುತ್ತಾರೆ, ಎಳೆಗಳ ಸಂಖ್ಯೆ ಯಸ್ನದ ಅಧ್ಯಾಯಗಳಿಗೆ ಸಮ. ಒಳಗೆ ಸುದ್ರೆ ಎಂಬ ತೆಳು ಬಿಳಿ ಹತ್ತಿ ಅಂಗಿ. ಅದರ ಎದೆಯ ಮೇಲೆ ಗಿರೆಬಾನ್ ಎಂಬ ಪುಟ್ಟ ಜೇಬು. ಒಳ್ಳೆಯ ಕೆಲಸಗಳನ್ನು ಅದರಲ್ಲಿ ಕೂಡಿಡಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ.

ಈ ದೀಕ್ಷೆಯೇ ನವಜೋತ್. ಸಾಮಾನ್ಯವಾಗಿ ಮಗು ಹತ್ತು ಹನ್ನೊಂದು ದಾಟುವ ಮೊದಲೇ ಆಗುತ್ತದೆ, ಗಂಡು ಹೆಣ್ಣು ಇಬ್ಬರಿಗೂ ಆಗುತ್ತದೆ. ಆಮೇಲೆ ದಿನವೂ ಕುಸ್ತಿಯನ್ನು ಬಿಚ್ಚಿ ಕಟ್ಟುವ ಪ್ರಾರ್ಥನೆ ಇದೆ. ಮೊದಲು ಕೈ ಮುಖ ತೊಳೆಯುವುದು. ನಂತರ 'ಕೇಮ್ ನಾ ಮಜ್ದಾ' ಹೇಳಿ ಬಿಚ್ಚುವುದು. 'ಓಹ್ರ್‌ಮಜ್ದ್ ಖೊದಾಯ್' ಹೇಳಿ, ಅದರ ಬೆನ್ನಿಗೆ 12 ಪದಗಳ 'ಅಶೆಮ್ ವೊಹೂ' ಮತ್ತು 21 ಪದಗಳ 'ಯಥಾ ಅಹೂ ವಇರ್ಯೋ' ಹೇಳುತ್ತಾ ಕಟ್ಟುವುದು. ಕೊನೆಗೆ 'ಜಸ ಮೇ ಅವಂಗ್ಹೇ ಮಜ್ದ'. ಕಲಿಯುವ ಮಕ್ಕಳು ತಡವರಿಸುವುದು ಮಂತ್ರದಲ್ಲಿ ಕಡಿಮೆ, ಯಾವ ಪದಕ್ಕೆ ಯಾವ ಗಂಟು ಎನ್ನುವುದರಲ್ಲೇ ಹೆಚ್ಚು.

ಆತಶ್ ಬೆಹ್ರಾಮ್ ಬೆಂಕಿಗೆ ಅಷ್ಟೊಂದು ಮಹತ್ವ ಯಾಕೆ? ಅದನ್ನ ಹೇಗೆ ಮಾಡ್ತಾರೆ?

ಪವಿತ್ರ ಬೆಂಕಿಗೆ ಮೂರು ದರ್ಜೆ: ದಾದ್ಗಾಹ್, ಆದರಾನ್, ಆತಶ್ ಬೆಹ್ರಾಮ್. ಆದರಾನ್‌ಗೆ ಪುರೋಹಿತ, ಯೋಧ, ರೈತ, ಕುಶಲಕರ್ಮಿ ಎಂಬ ನಾಲ್ಕು ವರ್ಗದವರ ಮನೆಯ ಬೆಂಕಿ ಸಾಕು. ಆತಶ್ ಬೆಹ್ರಾಮ್‌ಗೆ 16 ಮೂಲಗಳ ಬೆಂಕಿ ಬೇಕು. ಕುಂಬಾರ, ಕಮ್ಮಾರ, ಅಕ್ಕಸಾಲಿಗ, ಇಟ್ಟಿಗೆ ಸುಡುವವ, ರೊಟ್ಟಿ ಬೇಯಿಸುವವ, ಬಣ್ಣಗಾರ, ಕುರುಬ ಹೀಗೆ ಕಸುಬುಗಳ ಬೆಂಕಿ, ಶವ ಸುಟ್ಟ ಬೆಂಕಿ, ಸಿಡಿಲು ಬಡಿದು ಹೊತ್ತಿದ ಬೆಂಕಿ ಎಲ್ಲ ಇದರಲ್ಲಿ ಸೇರುತ್ತವೆ.

ಶುದ್ಧಿ ಮಾಡುವ ವಿಧಾನ ಸೂಕ್ಷ್ಮವಾದದ್ದು. ತೂತುಗಳಿರುವ ಲೋಹದ ಸೌಟಿನಲ್ಲಿ ಗಂಧದ ಚಕ್ಕೆ ಇಟ್ಟು ಉರಿಯ ಮೇಲೆ ಹಿಡಿಯಬೇಕು. ಸೌಟು ಉರಿಗೆ ತಾಗಬಾರದು. ಕಾವಿಗೇ ಚಕ್ಕೆ ಹೊತ್ತಿಕೊಳ್ಳಬೇಕು. ಹೀಗೆ ಹೊತ್ತಿದ್ದು ಎರಡನೆಯ ಬೆಂಕಿ. ಅದರ ಮೇಲೆ ಮತ್ತೆ ಹಾಗೇ ಹಿಡಿದು ಮೂರನೆಯದು. ಸೌಟು ಉರಿಗೆ ತಾಗಿದರೆ ಹಳೆಯ ಬೆಂಕಿಯ ಮೈಲಿಗೆ ಹೊಸದಕ್ಕೂ ಬಂತು ಎಂದೇ ಲೆಕ್ಕ. ಶವದ ಬೆಂಕಿಯನ್ನು ಹೀಗೆ 91 ಬಾರಿ ದಾಟಿಸುತ್ತಾರೆ. 16 ಬೆಂಕಿಗಳೂ ಶುದ್ಧವಾದ ಮೇಲೆ ಒಂದಾಗಿ ಸೇರಿಸಿ ಪ್ರತಿಷ್ಠಾಪಿಸುತ್ತಾರೆ. ಹೆಣದ ಬೆಂಕಿಯನ್ನೂ ಹೊರಗಿಡದೆ ದೇಗುಲದ ಒಳಗೆ ತರುವ ಈ ವಿಧಿ, ಲೋಕದ ಮೈಲಿಗೆಯನ್ನು ತೊಳೆದು ದೇವರಿಗೆ ಮರಳಿಸಬಹುದು ಎನ್ನುವ ನಂಬಿಕೆಯನ್ನು ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ತೋರಿಸುತ್ತದೆ.

ಭಾರತದಲ್ಲಿ ಇಂಥವು 8: ಉದ್ವಾಡದಲ್ಲಿ 1, ನವಸಾರಿಯಲ್ಲಿ 1, ಸೂರತ್‌ನಲ್ಲಿ 2, ಮುಂಬಯಿಯಲ್ಲಿ 4. ಉದ್ವಾಡದ 'ಇರಾನ್‌ಶಾಹ್' ಎಲ್ಲಕ್ಕಿಂತ ಹಳೆಯದು, 1742ರಿಂದ ಅಲ್ಲಿದೆ. ದಿನವನ್ನು ಹಾವನ್, ರಪಿಥ್ವಿನ್, ಉಜೇರಿನ್, ಐವಿಸ್ರುಥ್ರಿಮ್, ಉಷಹಿನ್ ಎಂಬ ಐದು ಗಾಹ್‌ಗಳಾಗಿ ಭಾಗಿಸಿ, ಪ್ರತಿ ಗಾಹ್‌ನಲ್ಲೂ ಗಂಟೆ ಬಾರಿಸಿ ಬೆಂಕಿಗೆ ಗಂಧದ ಕಟ್ಟಿಗೆ ಒಪ್ಪಿಸುತ್ತಾರೆ. ಕರ್ನಾಟಕದಲ್ಲಿ ಆತಶ್ ಬೆಹ್ರಾಮ್ ಇಲ್ಲ, ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಪಾರ್ಸಿ ಅಗ್ನಿಮಂದಿರವಿದೆ. ಭಾರತದ ಅಗ್ನಿಮಂದಿರಗಳ ಒಳಗೆ ಬೇರೆ ಧರ್ಮದವರಿಗೆ ಪ್ರವೇಶವಿಲ್ಲ, ಹೊರಗಿನಿಂದ ನೋಡಿ ಬರಬಹುದು.

ಪಾರ್ಸಿ ಹೊಸ ವರ್ಷ ಆಗಸ್ಟ್‌ನಲ್ಲಿ, ನೌರೋಜ್ ಮಾರ್ಚ್‌ನಲ್ಲಿ. ಯಾವುದು ಸರಿ?

ಎರಡೂ ಸರಿ, ಪಂಚಾಂಗ ಬೇರೆ. 30 ದಿನದ 12 ತಿಂಗಳು, ಕೊನೆಗೆ 5 ಗಾಥಾ ದಿನ, ಒಟ್ಟು 365. ಅಧಿಕ ದಿನ ಸೇರಿಸದ ಕಾರಣ ನಾಲ್ಕು ವರ್ಷಕ್ಕೊಂದು ದಿನ ಹಿಂದೆ ಸರಿಯುತ್ತದೆ. ಭಾರತದ ಹೆಚ್ಚಿನ ಪಾರ್ಸಿಗಳ ಶಹೆನ್‌ಶಾಹಿ ಪಂಚಾಂಗದಲ್ಲಿ ಈಗ ಹೊಸ ವರ್ಷ ಆಗಸ್ಟ್ ನಡುವೆ ಬರುತ್ತದೆ. ಕದ್ಮಿ ಪಂಚಾಂಗದಲ್ಲಿ ಅದಕ್ಕೂ 30 ದಿನ ಮೊದಲು. ಫಸ್ಲಿಯವರು ಅಧಿಕ ದಿನ ಸೇರಿಸಿ ಮಾರ್ಚ್ 21ಕ್ಕೇ ನಿಲ್ಲಿಸಿಕೊಂಡಿದ್ದಾರೆ.

ಶವವನ್ನು ಹದ್ದುಗಳಿಗೆ ಬಿಡೋದು ಯಾಕೆ? ಈಗಲೂ ಇದೆಯಾ?

ಸಾವು ಕೆಡುಕಿನ ಕೆಲಸ, ಶವದಲ್ಲಿ 'ನಸು' ಎಂಬ ಮೈಲಿಗೆ ಸೇರುತ್ತದೆ ಎಂಬುದು ನಂಬಿಕೆ. ಬೆಂಕಿ, ಮಣ್ಣು, ನೀರು ಮೂರೂ ಪವಿತ್ರವಾದ್ದರಿಂದ ಸುಡುವಂತಿಲ್ಲ, ಹೂಳುವಂತಿಲ್ಲ, ಹೊಳೆಗೆ ಬಿಡುವಂತಿಲ್ಲ. ಶವ ಇಡುವ ದುಂಡನೆಯ ಕಟ್ಟಡವೇ ದಖ್ಮ. ಅದರ ಒಳಗೆ ಮೂರು ವೃತ್ತಗಳು: ಹೊರಗಿನದು ಗಂಡಸರಿಗೆ, ನಡುವಿನದು ಹೆಂಗಸರಿಗೆ, ಒಳಗಿನದು ಮಕ್ಕಳಿಗೆ. ಒಣಗಿದ ಎಲುಬು ನಡುವಿನ ಬಾವಿಗೆ ಸೇರುತ್ತದೆ. ಮಳೆನೀರು ಇದ್ದಿಲು ಮತ್ತು ಮರಳುಗಲ್ಲಿನ ಮೂಲಕ ಸೋಸಿ ಹೋಗುವಂತೆ ಕಾಲುವೆ ಇರುತ್ತದೆ.

ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕದಿಂದ ರಣಹದ್ದುಗಳು ಸಾಮೂಹಿಕವಾಗಿ ಸತ್ತವು. ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು. ಹದ್ದುಗಳು ಹಿಂದಿನಂತೆ ಮರಳಲಿಲ್ಲ. ಮುಂಬಯಿಯ ದಖ್ಮಗಳಿರುವ ಡೂಂಗರ್‌ವಾಡಿಯಲ್ಲಿ ಸೂರ್ಯನ ಬಿಸಿಲನ್ನು ಶವದ ಮೇಲೆ ಒಟ್ಟುಗೂಡಿಸುವ ಫಲಕಗಳನ್ನು ಹಾಕಿದ್ದಾರೆ, ಮಳೆಗಾಲದಲ್ಲಿ ಅವು ಸರಿಯಾಗಿ ಕೆಲಸ ಮಾಡವು. ಕೆಲವು ಕುಟುಂಬಗಳು ವಿದ್ಯುತ್ ಚಿತಾಗಾರವನ್ನು ಆರಿಸಿಕೊಳ್ಳುತ್ತಿವೆ. ಸಂಪ್ರದಾಯಸ್ಥರಿಗೆ ಇದು ನಿಜವಾದ ಸಂಕಟ.

ಹಾಲಿಗೆ ಸಕ್ಕರೆ ಹಾಕಿದ ಕಥೆ ನಿಜವಾ?

ಇಲ್ಲಿ ಜಾಗವಿಲ್ಲ ಎಂದು ತೋರಿಸಲು ಗುಜರಾತಿನ ಅರಸ ತುಂಬಿದ ಹಾಲಿನ ಬಟ್ಟಲು ಕಳಿಸಿದಾಗ, ವಲಸೆ ಬಂದ ಪಾರ್ಸಿಗಳು ಅದಕ್ಕೆ ಸಕ್ಕರೆ ಬೆರೆಸಿ 'ಹೀಗೆ ಬೆರೆತು ಬಾಳುತ್ತೇವೆ' ಎಂದರಂತೆ. ಚೆಂದದ ಕಥೆ, ಬಾಯಿಂದ ಬಾಯಿಗೆ ಬಂದದ್ದು. 1600ರ ಹೊತ್ತಿಗೆ ಬಹ್ಮನ್ ಕೈಕೊಬಾದ್ ಎಂಬ ಪುರೋಹಿತರು ಫಾರಸಿಯಲ್ಲಿ ಬರೆದ 'ಕಿಸ್ಸಾ ಇ ಸಂಜಾನ್' ಪದ್ಯದಲ್ಲಿ ಅದು ಇಲ್ಲ. ಅಲ್ಲಿ ಇರುವುದು ಜಾದಿ ರಾಣಾ ಎಂಬ ಅರಸ ಹಾಕಿದ ಷರತ್ತುಗಳು: ಧರ್ಮವನ್ನು ವಿವರಿಸಿ ಹೇಳಬೇಕು, ಇಲ್ಲಿನ ಭಾಷೆ ಆಡಬೇಕು, ಹೆಂಗಸರು ಇಲ್ಲಿನ ಉಡುಗೆ ಉಡಬೇಕು, ಆಯುಧ ಕೆಳಗಿಡಬೇಕು, ಮದುವೆಯನ್ನು ಸಂಜೆ ಮಾಡಬೇಕು.

ಬೇರೆಯವರು ಈ ಧರ್ಮಕ್ಕೆ ಸೇರಬಹುದಾ?

ಗಾಥೆಗಳಲ್ಲಿ ಕರೆ ಎಲ್ಲರಿಗೂ ಇದೆ. ಭಾರತದ ರೂಢಿಯಲ್ಲಿ ಇಲ್ಲ. 1908ರಲ್ಲಿ ಬಾಂಬೆ ಹೈಕೋರ್ಟಿನ ಪೆಟಿಟ್ ವಿರುದ್ಧ ಜೀಜೀಭಾಯ್ ಪ್ರಕರಣದಲ್ಲಿ, ಪಾರ್ಸಿ ತಂದೆಯ ಮಕ್ಕಳು ನವಜೋತ್ ಆಗಿದ್ದರೆ ತಾಯಿ ಬೇರೆಯವಳಾದರೂ ಪಾರ್ಸಿಗಳು ಎಂಬ ಅಭಿಪ್ರಾಯ ಬಂತು. ಹೊರಗೆ ಮದುವೆಯಾದ ಪಾರ್ಸಿ ಹೆಣ್ಣಿನ ಮಕ್ಕಳಿಗೆ ಆ ಅವಕಾಶ ಸಿಗಲಿಲ್ಲ. ಸಮುದಾಯದೊಳಗೆ ಇವತ್ತಿಗೂ ಅತಿ ಹೆಚ್ಚು ನೋವು ತಂದ ವಿಷಯ ಇದೇ.

## ವೇದ ಮತ್ತು ಭಾರತದ ನಂಟು

ನಮ್ಮ ದೇವರು ಅವರಿಗೆ ರಾಕ್ಷಸರು, ನಮ್ಮ ಅಸುರರು ಅವರಿಗೆ ದೇವರು ಅಂತಾರಲ್ಲ?

ಅರ್ಧ ನಿಜ. 'ದಏವ' ಅವೆಸ್ತಾದಲ್ಲಿ ಕೆಟ್ಟ ಶಕ್ತಿ, 'ಅಹುರ' ಒಡೆಯ. ವೆಂದಿದಾದ್‌ನ 10ನೇ ಅಧ್ಯಾಯ ಇಂದ್ರ, ಶರ್ವ, ನಾಸತ್ಯ ಈ ಮೂವರಿಗೆ ಸಮನಾದ ಹೆಸರುಗಳನ್ನು ಹೇಳಿ ಓಡಿಸುತ್ತದೆ.

ಆದರೆ ದೇವತೆಗಳೆಲ್ಲ ತಲೆಕೆಳಗಾಗಿಲ್ಲ. ಮಿತ್ರ ಅಲ್ಲೂ ಮಿಥ್ರನಾಗಿ ಪೂಜ್ಯ, ಅರ್ಯಮನ್, ಅಪಾಂ ನಪಾತ್ ಎರಡೂ ಕಡೆ ಪೂಜ್ಯರು. ಇಂದ್ರ ದಏವನಾದರೂ ಆತನ ಬಿರುದು 'ವೃತ್ರಹನ್' ಅಲ್ಲಿ ವೆರೆಥ್ರಘ್ನ ಎಂಬ ದೊಡ್ಡ ದೇವತೆ. ಸೋಮ ಹಓಮವಾಗಿ, ಯಜ್ಞ ಯಸ್ನವಾಗಿ, ವಿವಸ್ವಂತನ ಮಗ ಯಮ ವೀವಂಗ್ಹ್ವಂತನ ಮಗ ಯಿಮನಾಗಿ ಉಳಿದಿದ್ದಾರೆ. ಇತ್ತ ಋಗ್ವೇದದ ಹಳೆಯ ಸೂಕ್ತಗಳಲ್ಲಿ ವರುಣ, ಇಂದ್ರ, ಅಗ್ನಿಯರನ್ನೇ ಗೌರವದಿಂದ 'ಅಸುರ' ಎಂದು ಕರೆದಿದೆ. ಆ ಪದಕ್ಕೆ ಕೆಟ್ಟ ಅರ್ಥ ಗಟ್ಟಿಯಾದದ್ದು ಆಮೇಲೆ. ಹಾಗಾಗಿ 'ಎರಡು ಗುಂಪು ಜಗಳವಾಡಿ ದೇವರನ್ನು ಹಂಚಿಕೊಂಡವು' ಎನ್ನುವ ಜನಪ್ರಿಯ ಚಿತ್ರಕ್ಕೆ ಆಧಾರ ಸಾಲದು. ಸಿರಿಯಾ ಕಡೆಯ ಮಿತನ್ನಿ ರಾಜ್ಯದ ಕ್ರಿ.ಪೂ. 14ನೇ ಶತಮಾನದ ಒಪ್ಪಂದದಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಒಟ್ಟಿಗೇ ಸಾಕ್ಷಿ ನಿಂತಿದ್ದಾರೆ.

ಒಂದು ಸಣ್ಣ ಸಾಮ್ಯ ನಮಗೆ ತುಂಬಾ ಇಷ್ಟ. ಋಗ್ವೇದದ 10ನೇ ಮಂಡಲದ 14ನೇ ಸೂಕ್ತದಲ್ಲಿ ಯಮನ ದಾರಿ ಕಾಯುವ ನಾಯಿಗಳಿಗೆ ನಾಲ್ಕು ಕಣ್ಣು. ವೆಂದಿದಾದ್‌ನಲ್ಲೂ ಶವಕ್ಕೆ ತೋರಿಸಬೇಕಾದದ್ದು ನಾಲ್ಕು ಕಣ್ಣಿನ ನಾಯಿ. ಕಣ್ಣಿನ ಮೇಲೆ ಎರಡು ಮಚ್ಚೆಯಿರುವ ನಾಯಿಯನ್ನು ತಂದು ಪಾರ್ಸಿಗಳು ಈ 'ಸಗ್‌ದೀದ್' ವಿಧಿಯನ್ನು ನಡೆಸಿಕೊಂಡು ಬಂದಿದ್ದಾರೆ. ಇಂಥವು ಪ್ರಭಾವವಲ್ಲ, ಒಂದೇ ಹಿರಿಯ ಪರಂಪರೆಯಿಂದ ಎರಡೂ ಕಡೆ ಹರಿದು ಬಂದ ಆಸ್ತಿ. ಈ ವ್ಯತ್ಯಾಸವನ್ನು ಮರೆತರೆ ಮುಂದಿನ ಚರ್ಚೆಯೆಲ್ಲ ದಾರಿ ತಪ್ಪುತ್ತದೆ.

ಹಾಗಾದ್ರೆ ಹಿಂದೂ, ಬೌದ್ಧ ಧರ್ಮಗಳ ಮೇಲೆ ಇರಾನಿನ ನೇರ ಪ್ರಭಾವ ಏನೂ ಇಲ್ವಾ?

ಇದೆ, ಸೂರ್ಯಾರಾಧನೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಕೃಷ್ಣನ ಮಗ ಸಾಂಬ ಕುಷ್ಠರೋಗ ನೀಗಿಕೊಳ್ಳಲು ಚಂದ್ರಭಾಗಾ ತೀರದಲ್ಲಿ ಸೂರ್ಯನ ಗುಡಿ ಕಟ್ಟಿ, ಪೂಜೆಗೆ ಶಾಕದ್ವೀಪದಿಂದ ಮಗರನ್ನು, ಅಂದರೆ ಇರಾನಿ ಮೂಲದ ಸೂರ್ಯ ಪುರೋಹಿತರನ್ನು, ಕರೆತಂದ ಎಂದು ಭವಿಷ್ಯ ಪುರಾಣ ಹೇಳುತ್ತದೆ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಸೂರ್ಯನ ಪ್ರತಿಷ್ಠೆಗೆ ಮಗರನ್ನೇ ಹೇಳುತ್ತಾನೆ, ಮೂರ್ತಿಗೆ ಉತ್ತರದವರ ಉಡುಗೆಯನ್ನೂ ಸೊಂಟಪಟ್ಟಿಯನ್ನೂ ವಿಧಿಸುತ್ತಾನೆ. ಪುರಾಣಗಳಲ್ಲಿ 'ಅವ್ಯಂಗ' ಎಂದು ಬರುವ ಆ ಪಟ್ಟಿ ಅವೆಸ್ತಾದ 'ಐವ್ಯಾಓಂಗ್ಹನ', ಅಂದರೆ ಕುಸ್ತಿಯೇ. ಉತ್ತರ ಭಾರತದ ಸೂರ್ಯ ಮೂರ್ತಿಗಳ ಕಾಲಲ್ಲಿ ಎತ್ತರದ ಬೂಟು ಇರುವುದು ಇದರಿಂದಲೇ. ನಮ್ಮ ದಕ್ಷಿಣದ ಸೂರ್ಯ ಸಾಮಾನ್ಯವಾಗಿ ಬರಿಗಾಲಲ್ಲಿ ನಿಂತಿರುತ್ತಾನೆ, ಆ ಪದ್ಧತಿ ಇಲ್ಲಿಯವರೆಗೆ ಇಳಿದು ಬರಲಿಲ್ಲ.

ಬೌದ್ಧರ ವಿಷಯದಲ್ಲಿ ಸಂಪರ್ಕ ಖಚಿತ. ಕನಿಷ್ಕನ ನಾಣ್ಯಗಳಲ್ಲಿ ಮಿಯಿರೋ ಎಂಬ ಮಿಥ್ರನೂ ಬೊದ್ದೊ ಎಂಬ ಬುದ್ಧನೂ ಇದ್ದಾರೆ. ಆದರೆ ಮೈತ್ರೇಯನೇ ಮಿಥ್ರ, ಅಮಿತಾಭ ಇರಾನಿನ ಬೆಳಕಿನ ದೇವರು ಎಂಬ ವಾದಗಳು ಬರೀ ಹೋಲಿಕೆಯ ಮೇಲೆ ನಿಂತಿವೆ.

## ಯೆಹೂದಿ, ಕ್ರೈಸ್ತ, ಇಸ್ಲಾಂ

ಯೆಹೂದಿಗಳಿಗೂ ಪರ್ಶಿಯನ್ನರಿಗೂ ಸಂಪರ್ಕ ಆಗಿದ್ದು ಯಾವಾಗ?

ಕ್ರಿ.ಪೂ. 539ರಲ್ಲಿ ಪರ್ಶಿಯದ ಅರಸ ಸೈರಸ್ ಬಾಬಿಲೋನನ್ನು ಗೆದ್ದು, ಅಲ್ಲಿ ಸೆರೆಯಲ್ಲಿದ್ದ ಯೆಹೂದಿಗಳಿಗೆ ಊರಿಗೆ ಮರಳಲು ಬಿಟ್ಟ. ಯೆಶಾಯನ ಗ್ರಂಥದ 45ನೇ ಅಧ್ಯಾಯ ಈ ಅನ್ಯದೇಶದ ಅರಸನನ್ನು 'ಅಭಿಷಿಕ್ತ' ಎಂದೇ ಕರೆಯುತ್ತದೆ. ಮುಂದಿನ ಇನ್ನೂರು ವರ್ಷ ಯೆಹೂದಿಗಳು ಪರ್ಶಿಯನ್ ಪ್ರಜೆಗಳು.

ಇಲ್ಲೊಂದು ಎಚ್ಚರ ಬೇಕು. ಸೈರಸ್ ಜರತುಷ್ಟ್ರನ ಅನುಯಾಯಿ ಎನ್ನಲು ಆತನ ಶಾಸನದಲ್ಲಿ ಆಧಾರವಿಲ್ಲ. ಬಾಬಿಲೋನಿನಲ್ಲಿ ಬರೆಸಿದ ಮಣ್ಣಿನ ಉರುಳೆ ಮರ್ದೂಕನನ್ನು ಹೊಗಳುತ್ತದೆ. ಆಮೇಲಿನ ಪರ್ಶಿಯನ್ ಅರಸ ದರಾಯಸ್‌ನ ಬೆಹಿಸ್ತೂನ್ ಶಾಸನದಿಂದ ಅಹುರ ಮಜ್ದನ ಹೆಸರು, 'ಸುಳ್ಳು' ಎಂಬ ಶತ್ರುವಿನ ಮಾತು ಸ್ಪಷ್ಟವಾಗಿ ಬರುತ್ತವೆ. ಜರತುಷ್ಟ್ರನ ಹೆಸರು ಅಲ್ಲೂ ಇಲ್ಲ.

ಬೈಬಲ್‌ನ ಸೈತಾನ ಅಹ್ರಿಮಾನನೇ ಅಲ್ವಾ?

ನಕಲು ಅಲ್ಲ. ಆದರೆ ಸೈತಾನ ಬೆಳೆದ ದಿಕ್ಕಿನಲ್ಲಿ ಇರಾನಿನ ನೆರಳು ಬಿದ್ದಿರುವ ಸಾಧ್ಯತೆ ಗಟ್ಟಿಯಾಗಿದೆ. ಯೋಬನ ಗ್ರಂಥದಲ್ಲಿ 'ಸಾತಾನ್' ದೇವರ ಆಸ್ಥಾನದಲ್ಲಿ ಆರೋಪ ಹೊರಿಸುವ ಅಧಿಕಾರಿ, ಅಪ್ಪಣೆ ಇಲ್ಲದೆ ಏನೂ ಮಾಡಲಾರ. ಬದಲಾವಣೆ ಕಾಣಬೇಕಾದರೆ ಎರಡು ವಾಕ್ಯಗಳನ್ನು ಜೊತೆಗಿಟ್ಟು ಓದಿ. ದಾವೀದ ಜನಗಣತಿ ಮಾಡಿಸಿದ್ದು ಯಾರ ಪ್ರೇರಣೆಯಿಂದ? ಎರಡನೆಯ ಸಮುವೇಲ 24:1ರಲ್ಲಿ ಸಿಟ್ಟಾದ ದೇವರೇ ಪ್ರೇರಿಸಿದ. ಪರ್ಶಿಯನ್ ಕಾಲದಲ್ಲಿ ಅಥವಾ ಅದರ ಬೆನ್ನಿಗೇ ಬರೆದ ಒಂದನೆಯ ಪೂರ್ವಕಾಲವೃತ್ತಾಂತ 21:1ರಲ್ಲಿ ಸೈತಾನ ಪ್ರೇರಿಸಿದ. ಕೆಡುಕನ್ನು ದೇವರಿಂದ ಬೇರ್ಪಡಿಸುವ ಕೆಲಸ ಇಲ್ಲಿ ನಡೆದಿದೆ. ಆದರೂ ಸೈತಾನ ಕೊನೆಯವರೆಗೂ ಸೃಷ್ಟಿಯಾದವನೇ, ಅಹ್ರಿಮಾನ್ ಹಾಗಲ್ಲ.

ದೇವದೂತರು, ದೆವ್ವಗಳು ಎಲ್ಲ ಅಲ್ಲಿಂದ ಬಂದವಾ?

ದೂತರು ಹಳೆಯ ಹೀಬ್ರೂ ಗ್ರಂಥಗಳಲ್ಲೂ ಇದ್ದಾರೆ, ಅಲ್ಲಿ ಅವರಿಗೆ ಹೆಸರಿಲ್ಲ. ಗಬ್ರಿಯೇಲ, ಮಿಕಾಯೇಲ ಎಂಬ ಹೆಸರುಗಳು ಮೊದಲು ಬರುವುದು ದಾನಿಯೇಲನ ಗ್ರಂಥದಲ್ಲಿ. ದೂತರ ಹೆಸರುಗಳು ಬಾಬಿಲೋನಿನಿಂದ ತಮ್ಮೊಂದಿಗೆ ಬಂದವು ಎಂದು ಯೆಹೂದಿಗಳ ಧರ್ಮಶಾಸ್ತ್ರ ಸಂಗ್ರಹವಾದ ಜೆರುಸಲೇಮ್ ತಾಲ್ಮೂದ್ ತಾನೇ ಒಪ್ಪಿಕೊಳ್ಳುತ್ತದೆ.

ದೆವ್ವಗಳಲ್ಲಿ ಒಂದಂತೂ ಇರಾನಿನದೇ. ತೋಬಿತನ ಗ್ರಂಥದಲ್ಲಿ ಸಾರಾಳ ಏಳು ಗಂಡಂದಿರನ್ನು ಕೊಂದ ಅಸ್ಮೊದೆಯಸ್ ಅವೆಸ್ತಾದ ಕ್ರೋಧದ ದಏವ ಐಶ್ಮ. ಕಥೆಯ ಅರ್ಧ ನಡೆಯುವುದು ಇರಾನಿನ ಮೀದಿಯದಲ್ಲಿ, ಎಕ್ಬತಾನದಲ್ಲಿ. ನಾಯಕನ ಜೊತೆ ನಾಯಿ ಬೇರೆ ನಡೆದು ಬರುತ್ತದೆ, ಅದು ಯೆಹೂದಿ ಕಥೆಗಳಲ್ಲಿ ವಿರಳ. ಹೆಸರು, ಜಾಗ, ಕಾಲ ಮೂರೂ ಕೂಡುವ ಇಂಥ ಉದಾಹರಣೆ ಬೇರೆ ಸಿಗುವುದು ಕಷ್ಟ. ಪ್ರಭಾವ ಸಾಬೀತಾಗಿದೆ ಎನ್ನಲು ನಾವು ಮೊದಲು ಎತ್ತಿಕೊಳ್ಳುವುದು ಇದನ್ನೇ.

ಸತ್ತವರು ಎದ್ದು ಬರುವುದು, ಕೊನೆಯ ತೀರ್ಪು?

ಹಳೆಯ ಹೀಬ್ರೂ ನಂಬಿಕೆಯಲ್ಲಿ ಸತ್ತವರೆಲ್ಲ ಷೆಯೋಲ್ ಎಂಬ ಮಬ್ಬು ಲೋಕಕ್ಕೆ ಹೋಗುತ್ತಾರೆ, ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲ. ಕ್ರಿ.ಪೂ. 165ರ ಆಸುಪಾಸಿನ ದಾನಿಯೇಲ 12:2ರಲ್ಲಿ ಕೆಲವರು ನಿತ್ಯಜೀವಕ್ಕೆ, ಕೆಲವರು ನಿತ್ಯನಿಂದೆಗೆ ಎಚ್ಚರ ಹೊಂದುತ್ತಾರೆ. ಯೇಸುವಿನ ಕಾಲದಲ್ಲೂ ಸದ್ದುಕಾಯರೆಂಬ ಯೆಹೂದಿ ಪಂಗಡದವರು ಪುನರುತ್ಥಾನವನ್ನು ಒಪ್ಪುತ್ತಿರಲಿಲ್ಲ. ಅಂದರೆ ಅದು ಆಗಿನ್ನೂ ಹೊಸ ಮಾತು.

ಜರತುಷ್ಟ್ರ ಧರ್ಮದಲ್ಲಿ ತೀರ್ಪು ಎರಡು ಸಲ. ಸತ್ತ ಮೂರು ರಾತ್ರಿ ಆತ್ಮ ದೇಹದ ಬಳಿ ಕೂತಿದ್ದು, ನಾಲ್ಕನೆಯ ಬೆಳಗ್ಗೆ ತನ್ನದೇ ಒಳಗಣ ರೂಪವಾದ 'ದಏನಾ'ಳನ್ನು ಕಾಣುತ್ತದೆ. ಒಳ್ಳೆಯವನಿಗೆ ಅವಳು 15ರ ಸುಂದರಿ. ಚಿನ್ವತ್ ಸೇತುವೆ ಒಳ್ಳೆಯವರಿಗೆ ಅಗಲವಾಗುತ್ತದೆ, ಕೆಟ್ಟವರಿಗೆ ಅಲಗಿನಷ್ಟು ಕಿರಿದಾಗುತ್ತದೆ. ಕಾಲದ ಕೊನೆಗೆ ಸಓಷ್ಯಂತ್ ಎಂಬ ರಕ್ಷಕ ಬಂದು ಸತ್ತವರನ್ನು ಎಬ್ಬಿಸುತ್ತಾನೆ, ಎಲ್ಲರೂ ಕರಗಿದ ಲೋಹದ ಹೊಳೆ ದಾಟುತ್ತಾರೆ. ಒಳ್ಳೆಯವರಿಗೆ ಅದು ಬೆಚ್ಚಗಿನ ಹಾಲಿನಂತೆ. ಕೆಟ್ಟವರೂ ಅದರಲ್ಲಿ ಸುಟ್ಟು ಶುದ್ಧರಾಗುತ್ತಾರೆ, ನರಕ ಮುಗಿಯುತ್ತದೆ. ಈ ಕೊನೆಯ ಕರುಣೆಯನ್ನು ಪಶ್ಚಿಮದ ಧರ್ಮಗಳ ಮುಖ್ಯಧಾರೆ ಎತ್ತಿಕೊಳ್ಳಲಿಲ್ಲ.

ಯೇಸು ಹುಟ್ಟಿದಾಗ ಬಂದ ಮೂವರು ಜ್ಞಾನಿಗಳು ಪಾರ್ಸಿಗಳಾ? ಡಿಸೆಂಬರ್ 25 ಮಿಥ್ರನ ಹಬ್ಬವಾ?

ಸುವಾರ್ತೆ ಬರೆದ ಮತ್ತಾಯ 'ಮೂವರು' ಎಂದು ಹೇಳಿಲ್ಲ, 'ಪೂರ್ವದಿಂದ ಬಂದ ಮಾಗಿಗಳು' ಎಂದಷ್ಟೇ ಹೇಳಿದ್ದಾನೆ. ಕಾಣಿಕೆ ಮೂರಾದ್ದರಿಂದ ಮೂವರಾದರು. ಮಾಗಿ ಎಂದರೆ ಇರಾನಿನ ಪುರೋಹಿತ, ಗ್ರೀಕರ ಬಳಕೆಯಲ್ಲಿ ಜ್ಯೋತಿಷಿಯೂ ಹೌದು.

ರೋಮಿನ ಮಿಥ್ರಾಸ್ ಪಂಥ ಕ್ರಿ.ಶ. 1ನೇ ಶತಮಾನದ ಕೊನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೆಸರು ಇರಾನಿನದು, ಆದರೆ ಅದರ ಮುಖ್ಯ ಚಿತ್ರವಾದ ಗೂಳಿವಧೆಯನ್ನು ಅವೆಸ್ತಾದ ಮಿಥ್ರ ಮಾಡುವುದೇ ಇಲ್ಲ. ಡಿಸೆಂಬರ್ 25 ಆತನ ಹುಟ್ಟುಹಬ್ಬ ಎನ್ನುವ ಪ್ರಾಚೀನ ದಾಖಲೆ ಇಲ್ಲ. 354ರ ರೋಮನ್ ಪಂಚಾಂಗದಲ್ಲಿ ಆ ದಿನಕ್ಕೆ ಇರುವುದು 'ಅಜೇಯ'ನ ಜನ್ಮ, ಅದನ್ನು ಸೂರ್ಯದೇವರದೆಂದು ಓದುವುದು ರೂಢಿ.

ಇಸ್ಲಾಂನ ಐದು ಹೊತ್ತಿನ ನಮಾಜ್ ಇಲ್ಲಿಂದಲೇ ಬಂದಿದ್ದಾ?

ಐದು ಗಾಹ್‌ಗಳು ಇಸ್ಲಾಂಗಿಂತ ಹಿಂದಿನವು, ಸಂಪರ್ಕವೂ ಇತ್ತು. ಆದರೆ ನೇರ ಸಾಕ್ಷಿ ಇಲ್ಲ, ಹಾಗಾಗಿ 'ಸಾಧ್ಯ' ಎಂಬಲ್ಲಿಗೆ ನಿಲ್ಲಬೇಕು. ಹದೀಸ್‌ಗಳಲ್ಲಿ ಬರುವ ಸಿರಾತ್ ಸೇತುವೆ ಚಿನ್ವತ್‌ಗೆ ಬಹಳ ಹತ್ತಿರ. ಕುರಾನ್ 2:102ರ ಹಾರೂತ್, ಮಾರೂತ್ ಎಂಬ ದೂತರ ಹೆಸರುಗಳನ್ನು ವಿದ್ವಾಂಸರು ಅಮೇಶ ಸ್ಪೆಂತರಾದ, ಅಂದರೆ ಅಹುರ ಮಜ್ದನ ಜೊತೆಗಿರುವ ಅಮರ ಶಕ್ತಿಗಳಾದ ಹಓರ್ವತಾತ್, ಅಮೆರೆತಾತ್‌ಗೆ ಜೋಡಿಸುತ್ತಾರೆ. ಹೆಸರು ಬಂದಿದೆ, ಕೆಲಸ ಪೂರ್ತಿ ಬದಲಾಗಿದೆ. ಜರತುಷ್ಟ್ರನ ಅನುಯಾಯಿಗಳು ಕುರಾನ್ 22:17ರಲ್ಲಿ 'ಮಜೂಸ್' ಎಂದು ಬರುತ್ತಾರೆ.

## ಇನ್ನೂ ಆಳಕ್ಕೆ

ಪಹ್ಲವಿ ಗ್ರಂಥಗಳು 9ನೇ ಶತಮಾನದವು. ಹಾಗಿದ್ದರೆ ಅವರೇ ಕ್ರೈಸ್ತರಿಂದ, ಮುಸ್ಲಿಮರಿಂದ ತಗೊಂಡಿರಬಾರದೇಕೆ?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು. ಬುಂದಹಿಶ್ನ್, ದೇನ್‌ಕರ್ದ್ ನಿಜವಾಗಿಯೂ ಇಸ್ಲಾಂ ಬಂದ ಮೇಲೆ ರೂಪುಗೊಂಡವು. ಆರ್ದಾ ವಿರಾಫ್ ಎಂಬಾತನ ಸ್ವರ್ಗ ನರಕ ಯಾತ್ರೆಯ ಗ್ರಂಥವೂ ಈಗಿನ ರೂಪದಲ್ಲಿ ತಡವಾದದ್ದು. ಮುಹಮ್ಮದರ ಸ್ವರ್ಗಯಾತ್ರೆಯಾದ ಮಿಅರಾಜ್‌ಗೆ ಅದೇ ಮೂಲ ಎಂದು ಖಚಿತವಾಗಿ ಹೇಳುವವರು ಎಡವುವುದು ಇಲ್ಲೇ.

ಆದರೆ ಪುನರುತ್ಥಾನಕ್ಕೆ ಸ್ವತಂತ್ರ ಸಾಕ್ಷಿ ಇದೆ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಇತಿಹಾಸಕಾರ ಥಿಯೊಪಾಂಪಸ್, ಮನುಷ್ಯರು ಮತ್ತೆ ಬದುಕಿ ಅಮರರಾಗುತ್ತಾರೆ ಎಂಬುದು ಮಾಗಿಗಳ ನಂಬಿಕೆ ಎಂದು ಬರೆದಿದ್ದನ್ನು ಡಯೊಜಿನೀಸ್ ಲೇರ್ಷಿಯಸ್ ಉಲ್ಲೇಖಿಸುತ್ತಾನೆ. ಪ್ಲೂಟಾರ್ಕ್ ಕೂಡ ಅವನನ್ನೇ ಆಧರಿಸಿ ಎರಡು ಶಕ್ತಿಗಳ ಹೋರಾಟವನ್ನೂ ಅದರ ಕೊನೆಯನ್ನೂ ವಿವರಿಸುತ್ತಾನೆ. ಸತ್ತವರು ಏಳುವ ಮಾತು 19ನೇ ಯಷ್ಟ್‌ನಲ್ಲಿದೆ, ಕರಗಿದ ಲೋಹ ಗಾಥೆಗಳಲ್ಲೇ 51:9ರಲ್ಲಿದೆ. ದಾನಿಯೇಲನಿಗಿಂತ ಮೊದಲೇ ಈ ನಂಬಿಕೆ ಇರಾನಿನಲ್ಲಿತ್ತು. ಅದರ ಅಲಂಕಾರದ ವಿವರಗಳ ವಯಸ್ಸನ್ನು ಮಾತ್ರ ಪಹ್ಲವಿಯಿಂದ ಹಿಂದಕ್ಕೆ ಎಳೆಯಬಾರದು.

ಮೃತ ಸಮುದ್ರದ ಸುರುಳಿಗಳಲ್ಲಿ ಅವಳಿ ಶಕ್ತಿಗಳ ಮಾತು ಇದೆಯಂತೆ?

ಇದೆ. ಕುಮ್ರಾನ್‌ನ 'ಸಮುದಾಯದ ನಿಯಮ' ಸುರುಳಿಯ 3 ಮತ್ತು 4ನೇ ಅಂಕಣದಲ್ಲಿ ಸತ್ಯದ ಚೇತನ, ವಂಚನೆಯ ಚೇತನ ಎಂಬ ಎರಡು ಮನುಷ್ಯನ ಒಳಗೆ ಹೊಡೆದಾಡುತ್ತವೆ. ಯಸ್ನ 30ಕ್ಕೆ ಇಷ್ಟು ಸಮೀಪದ ಯೆಹೂದಿ ಬರಹ ಇನ್ನೊಂದಿಲ್ಲ. ಒಂದು ಕಡೆ ಮಾತ್ರ ಬಗ್ಗಲಿಲ್ಲ: ಎರಡನ್ನೂ ದೇವರೇ ಸೃಷ್ಟಿಸಿದ ಎನ್ನುತ್ತದೆ. ಯೆಶಾಯ 45:7ರ 'ಬೆಳಕನ್ನು ರೂಪಿಸುವವನು, ಕತ್ತಲನ್ನು ಸೃಷ್ಟಿಸುವವನು ನಾನೇ' ಎಂಬ ಹಳೆಯ ನಿಲುವು ಅದು. ಬಂದದ್ದನ್ನು ತಮ್ಮ ಏಕದೇವ ನಂಬಿಕೆಯ ಅಳತೆಗೆ ಕತ್ತರಿಸಿಕೊಂಡೇ ತೆಗೆದುಕೊಂಡಿದ್ದಾರೆ.

'ಇದೂ ಅಲ್ಲಿಂದಲೇ ಬಂದದ್ದು' ಅಂತ ಹೊಸ ಹೊಸ ಮಾತು ಕೇಳ್ತೀವಿ. ಪರೀಕ್ಷಿಸೋದು ಹೇಗೆ?

ಮೊದಲು, ಆ ವಿಷಯ ಇರಾನಿನ ಯಾವ ಗ್ರಂಥದಲ್ಲಿ ಇದೆ, ಆ ಗ್ರಂಥದ ವಯಸ್ಸೆಷ್ಟು ಎಂದು ನೋಡಿ. ಎರಡನೆಯದು, ಇನ್ನೊಂದು ಧರ್ಮದಲ್ಲಿ ಅದು ಸಂಪರ್ಕಕ್ಕಿಂತ ಮೊದಲೇ ಇತ್ತೇ? ಮೂರನೆಯದು, ಹೋಲಿಕೆ ಬರೀ ಒಳ್ಳೆಯದು ಕೆಟ್ಟದ್ದರಂಥ ಸಾಮಾನ್ಯ ಮಾತಿನದೇ, ಅಸ್ಮೊದೆಯಸ್‌ನಂತೆ ಹೆಸರು, ಜಾಗ, ವಿವರಗಳದೇ? ಕೊನೆಗೆ, ಎರಡೂ ಕಡೆ ಒಂದೇ ಹಳೆಯ ಮೂಲದಿಂದ ಬಂದಿರಬಹುದೇ?

'ಜರತುಷ್ಟ್ರ ಕನ್ಯೆಯಲ್ಲಿ ಹುಟ್ಟಿದರು, ಡಿಸೆಂಬರ್ 25ರಂದು ಹುಟ್ಟಿದರು, ಯೇಸುವಿನ ಕಥೆ ಅದರ ನಕಲು' ಎಂಬ ಮಾತನ್ನೇ ತೆಗೆದುಕೊಳ್ಳಿ. ಅವರ ತಂದೆ ಪೌರುಷಸ್ಪ ಎಂದು ಅವೆಸ್ತಾ ಹೆಸರಿಟ್ಟು ಹೇಳುತ್ತದೆ. ಹುಟ್ಟಿದ ದಿನವೆಂದು ಆಚರಿಸುವುದು ಖೊರ್ದಾದ್ ಸಾಲ್, ಫರ್ವರ್ದಿನ್ ತಿಂಗಳ 6ನೇ ದಿನ. ಕನ್ಯೆಯ ಮಾತು ಬರುವುದು ಮುಂದೆ ಬರಲಿರುವ ಸಓಷ್ಯಂತನ ವಿಷಯದಲ್ಲಿ: ಕಾಂಸಓಯ ಸರೋವರದಲ್ಲಿ ಕಾಪಾಡಿಟ್ಟ ಜರತುಷ್ಟ್ರರ ಬೀಜದಿಂದ, ಅಲ್ಲಿ ಮೀಯುವ ಕನ್ಯೆ ಗರ್ಭವತಿಯಾಗುತ್ತಾಳೆ. ಅಂದರೆ ಅಲ್ಲೂ ತಂದೆ ಇದ್ದಾನೆ, ಜರತುಷ್ಟ್ರರೇ. ಮೊದಲ ಪರೀಕ್ಷೆಯಲ್ಲೇ ಆ ಹೇಳಿಕೆ ನಿಲ್ಲುವುದಿಲ್ಲ.